ಒಳಚರಂಡಿಗೆ ಹೊಗೆ ಪರೀಕ್ಷೆ

ಮನೆಗಳ ಛಾವಣಿಯ ಕೊಳವೆಗಳಿಂದ ಬೆಳ್ಳನೆಯ ಹೊಗೆ ಏಳುತ್ತಿದೆ. ರಸ್ತೆಯ ಮ್ಯಾನ್‌ಹೋಲ್ ಮುಚ್ಚಳದ ಸಂದಿಯಿಂದಲೂ ಹೊಗೆ! ಬೆಂಕಿ ಬಿದ್ದಿದೆ ಎಂದು ಯಾರಾದರೂ ಗಾಬರಿಯಾಗುವ ನೋಟ ಇದು. ಆದರೆ ಅಮೆರಿಕದ ಅನೇಕ ನಗರಗಳಲ್ಲಿ ನಗರಾಡಳಿತವೇ ಹೀಗೆ ಹೊಗೆ ಹಾಕಿಸುತ್ತದೆ. ನೆಲ ಅಗೆಯದೆ ಒಳಚರಂಡಿಯ ದೋಷಗಳನ್ನು ಪತ್ತೆ ಮಾಡುವ ಸರಳ ವಿಧಾನ ಇದು.

ಮಳೆನೀರು ಸೇರಿದರೇನು?

ಕೊಳಚೆ ನೀರಿಗೂ ಮಳೆನೀರಿಗೂ ಪ್ರತ್ಯೇಕ ಕೊಳವೆಗಳಿರುವ ಊರುಗಳಲ್ಲಿ ಒಂದರ ನೀರು ಇನ್ನೊಂದಕ್ಕೆ ಸೇರಬಾರದು. ಏಕೆ? ಒಂದು ಲೆಕ್ಕ ಮಾಡಿ ನೋಡಿ. 100 ಚದರ ಮೀಟರ್ ಛಾವಣಿಯ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ ಸಿಗುವ ನೀರು 2,500 ಲೀಟರ್. ಒಬ್ಬರಿಗೆ ದಿನಕ್ಕೆ 135 ಲೀಟರಿನಂತೆ ಐದು ಜನರ ಕುಟುಂಬ ದಿನವೊಂದಕ್ಕೆ ಬಳಸುವ ನೀರು 675 ಲೀಟರ್. ಅಂದರೆ ಮೂರು ದಿನಗಳ ಬಳಕೆಗೂ ಮೀರಿದ ನೀರು ಒಂದೇ ಮಳೆಯಲ್ಲಿ ಕೊಳವೆಗೆ ನುಗ್ಗುತ್ತದೆ. ಇಂತಹ ಹಲವು ಮನೆಗಳು ಸೇರಿದಾಗ ಕೊಳವೆ ತುಂಬಿ, ಕೊಳಚೆ ಬೀದಿಗೆ, ಕೆರೆಗೆ, ಕೆಲವೊಮ್ಮೆ ಮನೆಯೊಳಕ್ಕೇ ಉಕ್ಕುತ್ತದೆ. ಅಮೆರಿಕದಲ್ಲಿ ವರ್ಷಕ್ಕೆ 23,000ದಿಂದ 75,000 ಬಾರಿ ಹೀಗೆ ಕೊಳಚೆ ಉಕ್ಕುತ್ತದೆಂದು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ 2004ರ ವರದಿಯಲ್ಲಿ ಅಂದಾಜು ಮಾಡಿತ್ತು. ಅದಕ್ಕೆ ಮಳೆನೀರಿನ ಸೇರ್ಪಡೆ ಒಂದು ಮುಖ್ಯ ಕಾರಣ.

ಪರೀಕ್ಷೆಯ ಕ್ರಮ

ಮಳೆಯಿಲ್ಲದ, ನೆಲ ಒಣಗಿರುವ ದಿನವನ್ನು ಆರಿಸಿಕೊಳ್ಳುತ್ತಾರೆ. ಪರೀಕ್ಷಿಸಬೇಕಾದ ಭಾಗದ ಎರಡೂ ತುದಿಗಳಲ್ಲಿ ಮರಳು ಚೀಲ ಮುಂತಾದವುಗಳಿಂದ ಹೊಗೆಗೆ ತಡೆಯೊಡ್ಡುತ್ತಾರೆ. ಮ್ಯಾನ್‌ಹೋಲಿನ ಬಾಯಿಯ ಮೇಲೆ ಗಾಳಿಯೂದುವ ಯಂತ್ರವನ್ನಿಟ್ಟು ಹೊಗೆಯನ್ನು ಒಳಕ್ಕೆ ತಳ್ಳುತ್ತಾರೆ. ಇದು ಕಟ್ಟಿಗೆಯ ಹೊಗೆಯಲ್ಲ. ಹೆಚ್ಚಾಗಿ, ವಿಶೇಷ ದ್ರವವೊಂದನ್ನು ಬಿಸಿ ಮಾಡಿದಾಗ ಉಂಟಾಗುವ ಸೂಕ್ಷ್ಮ ಹನಿಗಳ ಮಂಜು. ಒತ್ತಡ ಕಡಿಮೆಯಾಗಿರುವುದರಿಂದ ಅದು ಸುಲಭದ ದಾರಿಗಳನ್ನೇ ಹುಡುಕಿಕೊಂಡು ಹೊರಬರುತ್ತದೆ.

ಛಾವಣಿಯ ಗಾಳಿಕೊಳವೆಯಿಂದ ಹೊಗೆ ಬಂದರೆ ಅದು ದೋಷವಲ್ಲ. ಆ ಕೊಳವೆ ತೆರೆದಿದೆ ಎಂಬುದಕ್ಕೆ ಸಾಕ್ಷಿ. ಅಂಗಳದ ನೆಲದಿಂದ ಬಂದರೆ ಕೊಳವೆ ಒಡೆದಿರಬಹುದು. ಛಾವಣಿಯ ಮಳೆನೀರು ಇಳಿಯುವ ಕೊಳವೆಯಿಂದ ಬಂದರೆ ಅದನ್ನು ಒಳಚರಂಡಿಗೆ ಜೋಡಿಸಲಾಗಿದೆ ಎಂದರ್ಥ.

ಮನೆಯೊಳಗೆ ಹೊಗೆ ಏಕೆ ಬರಬಾರದು?

ತೊಟ್ಟಿ, ಶೌಚದ ಬೋಗುಣಿಗಳ ಕೆಳಗೆ ಬಾಗಿದ ಕೊಳವೆ ಇರುತ್ತದೆ. ಆ ಬಾಗಿನಲ್ಲಿ ನಿಂತ ನೀರೇ ಅನಿಲಕ್ಕೆ ಬಾಗಿಲು. 1775ರಲ್ಲಿ ಅಲೆಕ್ಸಾಂಡರ್ ಕಮ್ಮಿಂಗ್ ಶೌಚದ ಬೋಗುಣಿಗೆ ಇಂತಹ ಬಾಗು ಕೊಳವೆಯನ್ನು ಅಳವಡಿಸಿ ಪೇಟೆಂಟ್ ಪಡೆದ. 5 ಸೆಂಟಿಮೀಟರ್ ನೀರಿನ ಕಂಬ ತಡೆಯಬಲ್ಲ ಒತ್ತಡ ಸುಮಾರು 490 ಪಾಸ್ಕಲ್. ವಾಯುಮಂಡಲದ ಒತ್ತಡದ ಶೇಕಡಾ ಅರ್ಧಕ್ಕೂ ಕಡಿಮೆ! ಪರೀಕ್ಷೆಯ ಹೊಗೆಯನ್ನು ತಡೆಯಲು ಅಷ್ಟು ಸಾಕು.

ಆದರೆ ಬಹುಕಾಲ ಬಳಸದ ಬಚ್ಚಲಿನಲ್ಲಿ ಈ ನೀರು ಆವಿಯಾಗಿಬಿಡುತ್ತದೆ. ಆಗ ಹೊಗೆ ಒಳಗೆ ಬರುತ್ತದೆ. ಹೊಗೆ ಬಂದ ದಾರಿಯಲ್ಲೇ ಉಳಿದ ದಿನಗಳಲ್ಲಿ ಹೈಡ್ರೊಜನ್ ಸಲ್ಫೈಡ್, ಮೀಥೇನ್‌ಗಳೂ ಬರಬಲ್ಲವು. ಮೀಥೇನ್ ಹೊತ್ತಿ ಉರಿಯುವ ಅನಿಲ. ಹೈಡ್ರೊಜನ್ ಸಲ್ಫೈಡ್ ವಿಷಾನಿಲ. ಕೊಳೆತ ಮೊಟ್ಟೆಯ ವಾಸನೆಯಿಂದ ಗುರುತು ಸಿಗುತ್ತದೆ. ಆದರೆ ಅದರ ಸಾಂದ್ರತೆ ಹೆಚ್ಚಿದಾಗ ನಮ್ಮ ಮೂಗೇ ಮರಗಟ್ಟುತ್ತದೆ. ಕಣ್ಣಿಗೆ ಕಾಣದ ಈ ಅಪಾಯವನ್ನು ಹೊಗೆ ಕಣ್ಣಿಗೆ ಕಾಣಿಸುತ್ತದೆ.

ನಿವಾಸಿಗಳು ಏನು ಮಾಡಬೇಕು?

ಪರೀಕ್ಷೆಗೆ ಮೊದಲು ಮನೆಮನೆಗೆ ಸೂಚನೆ ಹಂಚುತ್ತಾರೆ. ಅಗ್ನಿಶಾಮಕ ದಳಕ್ಕೂ ತಿಳಿಸುತ್ತಾರೆ. ಸೂಚನೆ ಬಂದೊಡನೆ ಬಳಕೆಯಲ್ಲಿಲ್ಲದ ಬಚ್ಚಲು, ತೊಟ್ಟಿಗಳಿಗೆಲ್ಲ ಒಂದೆರಡು ತಂಬಿಗೆ ನೀರು ಸುರಿಯಬೇಕು. ಉಬ್ಬಸದವರು, ಹಾಸಿಗೆ ಹಿಡಿದವರು ಮನೆಯಲ್ಲಿದ್ದರೆ ಸಿಬ್ಬಂದಿಗೆ ಮುಂಚೆಯೇ ತಿಳಿಸಬೇಕು. ಈ ಹೊಗೆ ವಿಷವಲ್ಲವಾದರೂ ಗಂಟಲು ಕೆರೆಯಬಹುದು. ಒಳಗೆ ಹೊಗೆ ಕಂಡರೆ ಕಿಟಕಿಗಳನ್ನು ತೆರೆದು, ಹೊರಬಂದು, ಎಲ್ಲಿಂದ ಬಂತೆಂದು ಸಿಬ್ಬಂದಿಗೆ ಹೇಳಬೇಕು. ಇದು ಪರೀಕ್ಷೆಯ ಹೊಗೆಯೇ ಎಂಬುದು ಖಚಿತವಿಲ್ಲದಿದ್ದರೆ ಅಗ್ನಿಶಾಮಕ ದಳವನ್ನೇ ಕರೆಯಬೇಕು.

ಮಿತಿಗಳೂ ಉಂಟು

ಕೊಳವೆ ಎಲ್ಲಾದರೂ ಕುಸಿದು ಅಲ್ಲಿ ನೀರು ತುಂಬಿದ್ದರೆ ಹೊಗೆ ಅದನ್ನು ದಾಟದು. ಬಿರುಕಿನ ಮೇಲಿನ ಮಣ್ಣು ನೆನೆದಿದ್ದರೆ ಹೊಗೆ ಮೇಲೇಳದು. ಹಾಗಾಗಿ ಹೊಗೆ ಕಾಣಲಿಲ್ಲ ಎಂದ ಮಾತ್ರಕ್ಕೆ ಕೊಳವೆ ಗಟ್ಟಿಯಾಗಿದೆ ಎನ್ನುವಂತಿಲ್ಲ. ಸಂದೇಹವಿದ್ದಲ್ಲಿ ಬಣ್ಣದ ನೀರು ಹರಿಸಿಯೋ ಕೊಳವೆಯೊಳಗೆ ಕ್ಯಾಮರಾ ಇಳಿಸಿಯೋ ನೋಡುತ್ತಾರೆ.

ನಮ್ಮ ಬಚ್ಚಲುಗಳ ನಹಾನಿ ಟ್ರ್ಯಾಪ್ ಕೆಲಸ ಮಾಡುವುದೂ ಇದೇ ತತ್ತ್ವದ ಮೇಲೆ. ಬೇಸಿಗೆ ರಜೆ ಮುಗಿಸಿ ಬಂದಾಗ ಬಚ್ಚಲು ನಾರುತ್ತಿದ್ದರೆ ಮೊದಲು ಒಂದು ತಂಬಿಗೆ ನೀರು ಸುರಿದು ನೋಡಿ. ವಾಸನೆ ನಿಂತರೆ ಒಣಗಿದ್ದು ನೀರಿನ ಬಾಗಿಲು. ನಿಲ್ಲದಿದ್ದರೆ ದೋಷ ಕೊಳವೆಯಲ್ಲಿದೆ, ಕೊಳಾಯಿ ಕೆಲಸದವರನ್ನು ಕರೆಸಿ.