ಶಿಬಿರ ಮುಗಿದ ಮೇಲೆ ವಿಚಾರಿಸುವವರಾರು? ಸೇವಾಗ್ರಾಮದ ವಿದ್ಯಾರ್ಥಿಗಳ ಮಾದರಿ

ಉಚಿತ ಆರೋಗ್ಯ ತಪಾಸಣಾ ಶಿಬಿರ ಕನ್ನಡ ಸಂಘಗಳಿಗೆ ಹೊಸತಲ್ಲ. ಗಣ್ಯರು ದೀಪ ಬೆಳಗಿಸುತ್ತಾರೆ, ಹೂಗುಚ್ಛ ನೀಡಲಾಗುತ್ತದೆ, ಸಾಲುಗಟ್ಟಿದವರ ರಕ್ತದೊತ್ತಡ ಅಳೆಯಲಾಗುತ್ತದೆ. ಆದರೆ ‘ಒತ್ತಡ ಹೆಚ್ಚಿದೆ’ ಎಂಬ ಚೀಟಿ ಪಡೆದ ಹೊಟೇಲ್ ಕಾರ್ಮಿಕ ಮತ್ತೆ ವೈದ್ಯರ ಬಳಿ ಹೋದನೇ? ರಕ್ತದೊತ್ತಡಕ್ಕೆ ಸಾಮಾನ್ಯವಾಗಿ ನೋವಿಲ್ಲ, ಲಕ್ಷಣವಿಲ್ಲ. ಹೀಗಾಗಿ ಚೀಟಿ ಜೇಬಿನಲ್ಲೇ ಉಳಿಯುತ್ತದೆ.

ವಾರ್ಧಾ ಬಳಿಯ ಸೇವಾಗ್ರಾಮದಲ್ಲಿ ಇದಕ್ಕೊಂದು ದಾರಿ ಇದೆ. ಗಾಂಧೀಜಿಯವರ ವೈದ್ಯೆಯಾಗಿದ್ದ ಡಾ. ಸುಶೀಲಾ ನಾಯರ್ 1969ರಲ್ಲಿ ಸ್ಥಾಪಿಸಿದ ಮಹಾತ್ಮಾ ಗಾಂಧಿ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಪ್ರತಿ ಹೊಸ ತಂಡ ಒಂದು ಹಳ್ಳಿಯನ್ನು ದತ್ತು ಪಡೆಯುತ್ತದೆ. ವಿದ್ಯಾರ್ಥಿಗಳು ಅಲ್ಲಿ ಶಿಬಿರ ಹೂಡಿ, ತಮ್ಮ ಪಾಲಿನ ಕೆಲವು ಕುಟುಂಬಗಳ ಆರೋಗ್ಯ ತಪಾಸಣೆ ನಡೆಸುತ್ತಾರೆ. ಮುಂದೆಯೂ ಅದೇ ಮನೆಗಳಿಗೆ ಹೋಗಿ ವಿಚಾರಿಸುತ್ತಾರೆ. ಇಂಥದೇ ಕುಟುಂಬ ದತ್ತು ಕಾರ್ಯಕ್ರಮವನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ ಎಂಬಿಬಿಎಸ್ ಪಠ್ಯಕ್ರಮಕ್ಕೆ ಸೇರಿಸಿತು.

ಸಂಘಗಳ ಯುವ ವಿಭಾಗದ ವಿದ್ಯಾರ್ಥಿಗಳೂ ಶಿಬಿರದ ದಿನವೇ ತಲಾ ಐದು ಮಂದಿಯ ಹೆಸರು, ದೂರವಾಣಿ ಸಂಖ್ಯೆ ಬರೆದುಕೊಂಡು, ತಿಂಗಳ ಬಳಿಕ ‘ಅಣ್ಣಾ, ಮಾತ್ರೆ ತಗೊಳ್ತಿದ್ದೀರಾ?’ ಎಂದು ಕೇಳಬಹುದು. ಅದಕ್ಕೆ ವೇದಿಕೆ ಬೇಡ, ಖರ್ಚೂ ಇಲ್ಲ. ಶಿಬಿರ ಸಾರ್ಥಕವಾಗುವುದು ಆಗಲೇ.