ಜಿಮ್ಮಿಯೊಡನೆ ಸಂಜೆಯ ಸುತ್ತು

ಮೈಸೂರಿನ ಅಶೋಕ ರಸ್ತೆಯಲ್ಲಿ ಸಂತ ಫಿಲೋಮಿನಾ ದೇವಾಲಯದ ಅವಳಿ ಗೋಪುರಗಳು 175 ಅಡಿ ಎತ್ತರಕ್ಕೆ ನಿಂತಿವೆ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲನ್ನಿಟ್ಟ ಈ ದೇವಾಲಯವನ್ನು ಕಾಣಲು ಜನರು ದೂರದೂರದಿಂದ ಬರುತ್ತಾರೆ. ಬಂದವರೆಲ್ಲ ತಲೆಯೆತ್ತಿ ನೋಡುತ್ತಾರೆ. ನಾವಾದರೋ ಕಳೆದ ನಾಲ್ಕು ವರ್ಷಗಳಿಂದ ಪ್ರತಿ ಸಂಜೆ ಅದರ ಆಸುಪಾಸಿನ ಬೀದಿಗಳಲ್ಲಿ ನೆಲವನ್ನೇ ನೋಡುತ್ತ ನಡೆಯುವವರಾಗಿದ್ದೇವೆ. ನಮ್ಮ ಕೈಯಲ್ಲೊಂದು ಚೈನು. ಅದರ ಇನ್ನೊಂದು ತುದಿಯಲ್ಲಿ ಜಿಮ್ಮಿ.

ಜಿಮ್ಮಿ ನಾವು ಬಯಸಿ ತಂದ ನಾಯಿಯಲ್ಲ. ನಮ್ಮ ಪಕ್ಕದ ಮನೆಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರಿದ್ದರು. ಇಡೀ ಬೀದಿಗೆ ಅವರು ಟೀಚರಮ್ಮ. ಅವರು ಪ್ರಭುವಿನಲ್ಲಿ ನಿದ್ರಿಸಿದಾಗ ಮಕ್ಕಳು ಪರಸ್ಥಳದಿಂದ ಬಂದು, ಅಂತ್ಯಕ್ರಿಯೆ ಮುಗಿಸಿ, ಮನೆಗೆ ಬೀಗ ಹಾಕಿದರು. ಏಳು ವರ್ಷದ ಕಂದು ಬಣ್ಣದ ನಾಯಿಯೊಂದು ಮಾತ್ರ ಗೇಟಿನ ಬಳಿ ಉಳಿಯಿತು. ಅದರ ತಳಿಯೇನೆಂದು ಕೇಳುವವರಿಗೆ ನಾವು 'ಲಷ್ಕರ್ ಮೊಹಲ್ಲಾ ತಳಿ' ಎಂದು ಉತ್ತರಿಸುವುದುಂಟು. ನಾಲ್ಕು ದಿನ ಅನ್ನ ಹಾಕಿದೆವು. ಐದನೆಯ ದಿನ ಅದು ನಮ್ಮ ಮನೆಯ ಮೆಟ್ಟಿಲ ಮೇಲೆ ಮಲಗಿತ್ತು.

ಸಂಜೆ ಐದೂವರೆಯಾದೊಡನೆ ಅದರ ಚಡಪಡಿಕೆ ಆರಂಭವಾಗುತ್ತಿತ್ತು. ಹೊರಗೆ ಕರೆದೊಯ್ದರೆ ನಾವು ಹೇಳಿದ ದಾರಿಯಲ್ಲಿ ಅದು ಬರುತ್ತಿರಲಿಲ್ಲ. ಅದಕ್ಕೆ ತನ್ನದೇ ಒಂದು ಹಾದಿಯಿತ್ತು. ಆ ಹಾದಿಯಲ್ಲಿ ಗೊತ್ತಾದ ನಿಲ್ದಾಣಗಳಿದ್ದವು. ಮೊದಲ ದಿನಗಳಲ್ಲಿ ಇದನ್ನು ಹಟಮಾರಿತನವೆಂದೇ ಎಣಿಸಿ ಚೈನನ್ನು ಜಗ್ಗಿದೆವು. ನಾಯಿಯ ನಡಿಗೆಯ ಸುಖವಿರುವುದು ಕಾಲಿನಲ್ಲಿ ಅಲ್ಲ, ಮೂಗಿನಲ್ಲಿ ಎಂಬುದು ನಮಗೆ ಆಗ ತಿಳಿದಿರಲಿಲ್ಲ. ಮನುಷ್ಯನ ಮೂಗಿನಲ್ಲಿ ವಾಸನೆಯನ್ನು ಗ್ರಹಿಸುವ ಕಣಗಳು ಐವತ್ತು ಅರವತ್ತು ಲಕ್ಷವಿದ್ದರೆ ನಾಯಿಯಲ್ಲಿ ಅವು 20 ಕೋಟಿಯನ್ನೂ ಮೀರುತ್ತವೆಂದು ವಿಜ್ಞಾನಿಗಳ ಅಂದಾಜು. ವಿದ್ಯುತ್ ಕಂಬದ ಬುಡದಲ್ಲಿ ಜಿಮ್ಮಿ ಎರಡು ನಿಮಿಷ ನಿಂತರೆ, ನಾವು ಬೆಳಿಗ್ಗೆ ಪತ್ರಿಕೆ ಓದುವಂತೆ ಅದು ಕೇರಿಯ ವರ್ತಮಾನವನ್ನು ಓದುತ್ತಿದೆ ಎಂದೇ ತಿಳಿಯಬೇಕು. ಓದುವವರನ್ನು ಎಳೆದಾಡುವುದು ಸಭ್ಯತೆಯಲ್ಲವೆಂದು ಜಗ್ಗುವುದನ್ನು ಬಿಟ್ಟೆವು.

ಅದರ ಮೊದಲ ನಿಲ್ದಾಣ ಸೈಕಲ್ ರಿಪೇರಿ ಅಂಗಡಿ. ಅಂಗಡಿಯ ಸಾಹೇಬರು ನಾಯಿಯನ್ನು ಮುಟ್ಟುವವರಲ್ಲ. ನಮಾಜಿಗೆ ಹೋಗಬೇಕಾದ ಬಟ್ಟೆಗೆ ಅದರ ಜೊಲ್ಲು ತಾಗಬಾರದೆಂಬ ಎಚ್ಚರ ಅವರದು. ಆದರೂ ಬೇಸಿಗೆಯಲ್ಲಿ ಅಂಗಡಿಯ ಮುಂದೆ ಒಂದು ಮಣ್ಣಿನ ಬೋಗುಣಿಯಲ್ಲಿ ನೀರು ತಪ್ಪದೆ ಇರುತ್ತದೆ. ಬಾಯಾರಿದ ನಾಯಿಗೆ ಬಾವಿಯಿಂದ ನೀರು ಸೇದಿ ಕೊಟ್ಟವನನ್ನು ದೇವರು ಕ್ಷಮಿಸಿದ ಕಥೆ ತಮ್ಮ ಹದೀಸಿನಲ್ಲಿದೆಯೆಂದು ಅವರೇ ನಮಗೆ ತಿಳಿಸಿದರು.

ನಮ್ಮ ಪವಿತ್ರ ಗ್ರಂಥದಲ್ಲಿ ನಾಯಿಗೆ ದೊಡ್ಡ ಗೌರವವೇನೂ ಇಲ್ಲ. ಆದರೂ ತೋಬಿತನ ಗ್ರಂಥದಲ್ಲಿ ಒಂದು ನಾಯಿಯಿದೆ. ತರುಣ ತೋಬಿಯನು ದೇವದೂತ ರಫಾಯೇಲನೊಡನೆ ಪಯಣ ಹೊರಟಾಗ ಅದೂ ಜೊತೆಗೆ ಹೊರಡುತ್ತದೆ; ಹಿಂದಿರುಗುವಾಗಲೂ ಜೊತೆಗಿರುತ್ತದೆ. ಅದು ಬೊಗಳಿತೆಂದಾಗಲಿ, ಯಾರನ್ನಾದರೂ ಕಾಪಾಡಿತೆಂದಾಗಲಿ ಬರೆದಿಲ್ಲ. ಸುಮ್ಮನೆ ಜೊತೆಗೆ ನಡೆಯಿತು, ಅಷ್ಟೇ. ಸಂತ ಲೂಕನ ಶುಭಸಂದೇಶದಲ್ಲಿ ಧನಿಕನ ಬಾಗಿಲಲ್ಲಿ ಬಿದ್ದಿದ್ದ ಲಾಜರನ ಹುಣ್ಣುಗಳನ್ನು ನೆಕ್ಕಿದವು ನಾಯಿಗಳೇ. ಪ್ಲೇಗು ತಗುಲಿ ಕಾಡಿನಲ್ಲಿ ಒಬ್ಬಂಟಿಯಾಗಿದ್ದ ಸಂತ ರೋಕ್‌ಗೆ ನಾಯಿಯೊಂದು ರೊಟ್ಟಿ ತಂದುಕೊಡುತ್ತಿತ್ತೆಂಬ ಐತಿಹ್ಯವಿದೆ. ಆತನ ಪ್ರತಿಮೆಗಳಲ್ಲಿ ಆ ನಾಯಿ ಇಂದಿಗೂ ರೊಟ್ಟಿ ಕಚ್ಚಿ ನಿಂತಿದೆ. ನಮ್ಮ ನಾಡೇನು ಕಡಿಮೆಯೇ? ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಹತ್ತನೆಯ ಶತಮಾನದಲ್ಲಿ ನಿಲ್ಲಿಸಿದ ಶಾಸನವು, ಹಂದಿಯೊಡನೆ ಹೋರಾಡಿ ಮಡಿದ ಕಾಳಿ ಎಂಬ ನಾಯಿಯ ಸ್ಮಾರಕವೂ ಹೌದು. ಗಂಗರ ಬೂತುಗನು ಏನು ಬೇಕೆಂದು ಕೇಳಿದಾಗ ಮಣಲೇರನೆಂಬ ವೀರನು ಬೇಡಿದ್ದು ಆ ನಾಯಿಯನ್ನೇ.

ಆದರೂ ನಮ್ಮ ಮನಸ್ಸಿನಲ್ಲಿ ಒಂದು ಅಳುಕು ಇದ್ದೇ ಇತ್ತು. ಬೀದಿಯಲ್ಲಿ ಹಸಿದ ಮನುಷ್ಯರಿರುವಾಗ ನಾಯಿಗೆ ಈ ಉಪಚಾರವೇಕೆಂದು ಬಂಧುವೊಬ್ಬರು ನೇರವಾಗಿಯೇ ಕೇಳಿದರು. ಪ್ರಶ್ನೆ ತಳ್ಳಿಹಾಕುವಂಥದಲ್ಲ. ವಿಶ್ವಗುರು ಎರಡನೇ ಜಾನ್ ಪಾಲರು 1992ರಲ್ಲಿ ಪ್ರಕಟಿಸಿದ ಧರ್ಮೋಪದೇಶ ಗ್ರಂಥವು ಪ್ರಾಣಿಗಳಿಗೆ ದಯೆ ತೋರುವುದು ನಮ್ಮ ಋಣವೆನ್ನುತ್ತದೆ. ಅದರ ಬೆನ್ನಲ್ಲೇ, ಮಾನವರ ಸಂಕಟ ನಿವಾರಣೆಗೆ ಸಲ್ಲಬೇಕಾದ ಹಣವನ್ನು ಅವುಗಳಿಗಾಗಿ ಸುರಿಯುವುದು ತರವಲ್ಲವೆಂದೂ, ಮನುಷ್ಯರಿಗೇ ಮೀಸಲಾದ ಅಕ್ಕರೆಯನ್ನು ಅವುಗಳಿಗೆ ಕೊಡಬಾರದೆಂದೂ ಎಚ್ಚರಿಸುತ್ತದೆ. 2022ರ ಜನವರಿಯಲ್ಲಿ ವಿಶ್ವಗುರು ಫ್ರಾನ್ಸಿಸರು ಮಕ್ಕಳ ಬದಲು ನಾಯಿ ಬೆಕ್ಕುಗಳನ್ನು ಸಾಕುವವರನ್ನು ಕುರಿತು ಖಾರವಾಗಿಯೇ ಮಾತನಾಡಿದ್ದರು. ಜಿಮ್ಮಿಯ ಊಟ ರಾಗಿಮುದ್ದೆ, ಆಗೊಮ್ಮೆ ಈಗೊಮ್ಮೆ ಕೋಳಿಯ ಚೂರುಪಾರು. ವರ್ಷಕ್ಕೊಮ್ಮೆ ಹುಚ್ಚುನಾಯಿ ರೋಗದ ಚುಚ್ಚುಮದ್ದು. ಖರ್ಚಿನ ಲೆಕ್ಕಕ್ಕೆ ಇಷ್ಟು ಸಮಾಧಾನ ಸಾಕೆನಿಸಿತು. ಅಕ್ಕರೆಯ ಲೆಕ್ಕಕ್ಕೆ ಉತ್ತರ ಸಿಕ್ಕಿದ್ದು ಮೂರನೆಯ ವಾರದಲ್ಲಿ.

ಅಂದು ಜಿಮ್ಮಿ ಹಿಂದಿನ ಬೀದಿಯ ಹಸಿರು ಗೇಟೊಂದರ ಮುಂದೆ ಕುಳಿತು ಎದ್ದೇಳಲಿಲ್ಲ. ಹಿಂದೆಯೂ ಅಲ್ಲಿ ನಿಂತಿತ್ತು. ನಾವೇ ಅವಸರದಿಂದ ಎಳೆದೊಯ್ದಿದ್ದೆವು. ಒಳಗಿನಿಂದ ವಯಸ್ಸಾದ ಹೆಂಗಸೊಬ್ಬರು ಬಂದು, "ಇದು ಟೀಚರಮ್ಮನ ನಾಯಿ ಅಲ್ಲವೇ? ಅವರೇಕೆ ಬರುವುದಿಲ್ಲ? ನಮ್ಮ ಯಜಮಾನರು ದಿನಾ ಕೇಳುತ್ತಾರೆ" ಎಂದರು. ಟೀಚರಮ್ಮ ಹೋಗಿಬಿಟ್ಟರೆಂದು ಹೇಳಿದಾಗ ಆಕೆ ಗೇಟನ್ನು ಹಿಡಿದುಕೊಂಡೇ ನಿಂತರು. ಅವರಿಗೆ ತಿಳಿಸುವವರಾದರೂ ಯಾರಿದ್ದರು?

ಯಜಮಾನರು ಮುದ್ರಣಾಲಯದಲ್ಲಿ ಮೊಳೆ ಜೋಡಿಸುತ್ತಿದ್ದವರು. ಈಗ ಹಾಸಿಗೆ ಹಿಡಿದಿದ್ದಾರೆ. ಕಣ್ಣು ಪೂರ್ತಿ ಮಂಜಾಗಿದೆ. ಟೀಚರಮ್ಮ ಪ್ರತಿ ಸಂಜೆ ಬಂದು ಕಾಲು ಗಂಟೆ ಪತ್ರಿಕೆ ಓದಿ ಹೇಳುತ್ತಿದ್ದರಂತೆ. ಅಷ್ಟು ಹೊತ್ತು ಜಿಮ್ಮಿ ಮಂಚದ ಕೆಳಗೆ. ಈ ವಿಷಯ ನಮ್ಮ ಬೀದಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಅವರು ನಮ್ಮ ಧರ್ಮಕೇಂದ್ರದವರಲ್ಲ, ಹಣಕ್ಕೆ ಬಡವರೂ ಅಲ್ಲ. ಆದ್ದರಿಂದ ರೋಗಿಗಳನ್ನು ಸಂದರ್ಶಿಸುವ ನಮ್ಮ ಯಾವ ಪಟ್ಟಿಯಲ್ಲೂ ಅವರ ಹೆಸರಿರಲಿಲ್ಲ. ಹದಿನೆಂಟು ವರ್ಷ ಆ ಗೇಟಿನ ಮುಂದೆಯೇ ಹಾದು ಬಲಿಪೂಜೆಗೆ ಹೋಗಿಬಂದಿದ್ದೆವು ಎಂಬುದನ್ನು ಬರೆಯಲು ನಾಚಿಕೆಯಾಗುತ್ತದೆ.

ಅಂದಿನಿಂದ ಪತ್ರಿಕೆ ಓದುವ ಕೆಲಸ ನಮ್ಮದಾಯಿತು. ನಮ್ಮ ಓದು ಟೀಚರಮ್ಮನ ಓದಿನಷ್ಟು ಚೆನ್ನಾಗಿಲ್ಲವೆಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಅಚ್ಚಿನ ತಪ್ಪುಗಳನ್ನು ನಾವು ಸರಿಪಡಿಸಿ ಓದಿದರೆ ಹೇಗೋ ಕಂಡುಹಿಡಿಯುತ್ತಾರೆ. "ಇದ್ದ ಹಾಗೆ ಓದಿ, ತಪ್ಪು ಯಾರದೆಂದು ನಾನು ಹೇಳುತ್ತೇನೆ" ಎನ್ನುತ್ತಾರೆ.

ಸಾಕುವ ಮನಸ್ಸುಳ್ಳವರಿಗೆ ಎರಡು ಮಾತು. ಬಿಸಿಲಿಗೆ ಕಾದ ಡಾಂಬರು ನಾಯಿಯ ಅಂಗಾಲನ್ನು ಸುಡುತ್ತದೆ. ನಮ್ಮ ಹಸ್ತದ ಹಿಂಬದಿಯನ್ನು ರಸ್ತೆಗೆ ಒತ್ತಿ ನೋಡಿ, ತಡೆಯಲಾಗದಿದ್ದರೆ ಹೊರಡಬಾರದು. ನಾಯಿಗೆ ಅಂಜುವ ಮಕ್ಕಳೂ ಮುದುಕರೂ ಬೀದಿಯಲ್ಲಿ ಇರುತ್ತಾರೆ, ಅವರ ಅಂಜಿಕೆ ಸುಳ್ಳಲ್ಲ. ಚೈನು ಸದಾ ಕೈಯಲ್ಲಿರಲಿ, ಹೊಲಸನ್ನು ಎತ್ತಲು ಹಳೆಯ ಕಾಗದ ಜೇಬಿನಲ್ಲಿರಲಿ. ಯಾವುದೇ ನಾಯಿ ಕಚ್ಚಿದರೂ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು. ಅರಿಸಿನ, ಸುಣ್ಣ ಮೆತ್ತಿ ಕೂರುವ ಕಾಲವಲ್ಲ ಇದು.

ಜಿಮ್ಮಿಗೆ ಈಗ ಹನ್ನೊಂದು. ಹಿಂಗಾಲು ಸೋಲುತ್ತಿದೆ. ಕಳೆದ ತಿಂಗಳು ಒಂದು ಸಂಜೆ ಸೈಕಲ್ ಅಂಗಡಿಯವರೆಗೆ ಬಂದು, ಅಲ್ಲಿಯೇ ಕುಳಿತು, ಮನೆಯ ಕಡೆ ಮುಖ ಮಾಡಿತು. ಅದನ್ನು ಮನೆಯಲ್ಲಿ ಬಿಟ್ಟು ನಾವೊಬ್ಬರೇ ಹಸಿರು ಗೇಟಿಗೆ ಹೋದೆವು. ಹಿರಿಯರು ಮಂಚದಿಂದ ಕೈಯನ್ನು ಕೆಳಗೆ ಇಳಿಬಿಟ್ಟು ತಡಕಿದರು. "ಎಲ್ಲಿ ಅವನು?" ಎಂದು ಕೇಳಿದರು, ಅಂದು ಪತ್ರಿಕೆಯನ್ನು ಅರ್ಧಕ್ಕೇ ಸಾಕೆಂದರು. ಮರುದಿನದಿಂದ ಹಾದಿಯನ್ನು ತಿರುಗಿಸಿದ್ದೇವೆ. ದೊಡ್ಡ ಸುತ್ತು ಬಿಟ್ಟು, ಮನೆಯಿಂದ ಹೊರಟು ನೇರವಾಗಿ ಹಸಿರು ಗೇಟಿಗೆ. ಜಿಮ್ಮಿಯ ಹೆಜ್ಜೆಯಲ್ಲಿ ಅದು ಇಪ್ಪತ್ತು ನಿಮಿಷದ ದಾರಿ.