ಮೊದಲು ಬಂದದ್ದು ಕಿಟಕಿ

ಸಾವಿನ ಅಂಚಿನಲ್ಲಿರುವವರ ಆರೈಕೆಯ ಮನೆಯಾದ, ಲಂಡನ್ನಿನ ಸಿಡ್ನಮ್‌ನಲ್ಲಿರುವ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್‌ಗೆ ಬುನಾದಿ ತೋಡುವುದಕ್ಕೆ ಎಷ್ಟೋ ವರ್ಷ ಮೊದಲೇ ಅದರ ಒಂದು ಕಿಟಕಿಯ ದುಡ್ಡು ಬಂದಿತ್ತು. ಕೊಟ್ಟವರು ಡೇವಿಡ್ ಟಾಸ್ಮಾ. ವಾರ್ಸಾದಿಂದ ಬಂದ ಯಹೂದಿ, ಮಾಣಿಯಾಗಿ ದುಡಿದವರು. ಕ್ಯಾನ್ಸರ್ ತಗುಲಿ, ಬಂಧುಬಳಗವಿಲ್ಲದೆ ಲಂಡನ್ನಿನ ಆಸ್ಪತ್ರೆಯ ಗಿಜಿಗುಡುವ ವಾರ್ಡಿನಲ್ಲಿ ಕೊನೆಯ ದಿನಗಳನ್ನು ಕಳೆಯುತ್ತಿದ್ದ ಅವರನ್ನು ನೋಡಲು ಬರುತ್ತಿದ್ದವರು ಸಿಸಿಲಿ ಸಾಂಡರ್ಸ್. ಆಗ ಆಕೆ ಆಸ್ಪತ್ರೆಯ ಸಮಾಜಸೇವಕಿ. ಸಾಯುವವರಿಗೆ ಎಂಥ ಜಾಗ ಬೇಕು ಎಂಬುದೇ ಅವರಿಬ್ಬರ ನಡುವಿನ ಮಾತಾಗಿತ್ತು. 1948ರಲ್ಲಿ ಟಾಸ್ಮಾ ತೀರಿಕೊಂಡರು. ಮುಂದೆಂದಾದರೂ ಆಕೆ ಕಟ್ಟುವ ಮನೆಯಲ್ಲಿ ತಾನೊಂದು ಕಿಟಕಿಯಾಗಿ ಇರಬೇಕೆಂದು 500 ಪೌಂಡ್ ಬಿಟ್ಟುಹೋಗಿದ್ದರು.

ಆ ಕಿಟಕಿಯ ಸುತ್ತ ಗೋಡೆ ಏಳಲು 19 ವರ್ಷ ಹಿಡಿಯಿತು. ಸಾಂಡರ್ಸ್ ವೈದ್ಯಕೀಯ ಓದಿ 1957ರಲ್ಲಿ ವೈದ್ಯರಾದರು; ಮರುವರ್ಷದಿಂದ ಹ್ಯಾಕ್ನಿಯ ಸೇಂಟ್ ಜೋಸೆಫ್ಸ್ ಹಾಸ್ಪಿಸ್‌ನಲ್ಲಿ ದುಡಿದರು. ಅದನ್ನು ನಡೆಸುತ್ತಿದ್ದ ಕ್ರೈಸ್ತ ಸನ್ಯಾಸಿನಿಯರ ಸಂಘವೇ 1879ರಲ್ಲಿ ಡಬ್ಲಿನ್‌ನಲ್ಲಿ ಇಂಥದೊಂದು ಆಶ್ರಯವನ್ನು ತೆರೆದಿತ್ತು. ಹಳೆಯ ಮಠವನ್ನೋ ಬಂಗಲೆಯನ್ನೋ ಮಾರ್ಪಡಿಸಿಕೊಂಡು ಶುರುವಾದ ಆ ಮನೆಗಳಲ್ಲಿ ಅಕ್ಕರೆಗೆ ಕೊರತೆಯಿರಲಿಲ್ಲ. ಆದರೆ ಸಾವಿನ ಅಂಚಿನಲ್ಲಿರುವವರಿಗೆಂದೇ ನಕ್ಷೆ ಬರೆದು, ನೋವು ನಿವಾರಣೆಯ ವೈದ್ಯಕೀಯವನ್ನೂ ಬೋಧನೆಯನ್ನೂ ಒಂದೇ ಸೂರಿನಡಿ ತಂದ ಕಟ್ಟಡವೆಂದರೆ 1967ರಲ್ಲಿ ಬಾಗಿಲು ತೆರೆದ ಸೇಂಟ್ ಕ್ರಿಸ್ಟೋಫರ್ಸ್. ಟಾಸ್ಮಾರ ಕಿಟಕಿ ಅದರ ಪ್ರವೇಶದ ಬಳಿ ಕೂತಿತು. ಬಣ್ಣದ ಗಾಜಿಲ್ಲ, ಚಿತ್ತಾರವಿಲ್ಲ. ಬರುವವರು ಕಾಣುವಂತೆ ಹೊರಗಿನ ದಾರಿಯತ್ತ ತೆರೆದ ಸಾದಾ ಗಾಜು.

ಒಳಗಿನ ವಾರ್ಡುಗಳಲ್ಲಿ ಸಾಂಡರ್ಸ್ ಹಟ ಹಿಡಿದು ಉಳಿಸಿಕೊಂಡ ಒಂದು ಸಂಗತಿ ಇಂದಿಗೂ ವಾದಕ್ಕೆ ಎಡೆಯಾಗಿದೆ. ಕೆಲವು ಒಂಟಿ ಕೋಣೆಗಳನ್ನು ಬಿಟ್ಟರೆ ಅಲ್ಲಿ ನಾಲ್ಕು ನಾಲ್ಕು ಹಾಸಿಗೆಗಳನ್ನು ಜೊತೆಗಿಟ್ಟಿದ್ದರು. ಪಕ್ಕದ ಹಾಸಿಗೆಯವರು ನರಳದೆ, ಕೈಹಿಡಿದವರ ನಡುವೆ ಕಣ್ಣುಮುಚ್ಚುವುದನ್ನು ಕಂಡವರಿಗೆ ಹೆದರಿಕೆ ಇಳಿಯುತ್ತದೆಯೇ ಹೊರತು ಏರುವುದಿಲ್ಲ ಎಂಬುದು ಆಕೆಯ ನಂಬಿಕೆ. ಮುಂದಿನ ಪೀಳಿಗೆಯ ವಿನ್ಯಾಸಕಾರರು ಒಂಟಿ ಕೋಣೆಯ ಕಡೆ ವಾಲಿದರು. ಸೋಂಕು ತಡೆಯಬೇಕು, ಮನೆಯವರು ಬಿಕ್ಕಿ ಅಳಲು ಮರೆ ಬೇಕು, ಹೆಂಡತಿಯೋ ಮಗನೋ ರಾತ್ರಿ ಪಕ್ಕದಲ್ಲೇ ಮಲಗಬೇಕು ಎಂಬ ಅವರ ಕಾರಣಗಳು ನಿಜವಾದವೇ. ಆದರೂ ಬಾಗಿಲು ಮುಚ್ಚಿದ ಕೋಣೆಯಲ್ಲಿ ಬಂಧುಬಳಗವಿಲ್ಲದ ಟಾಸ್ಮಾರಂಥವರ ಗತಿಯೇನು ಎಂಬ ಪ್ರಶ್ನೆಗೆ ಒಂಟಿ ಕೋಣೆಯೊಂದೇ ಉತ್ತರ ಕೊಡಲಾರದು. ಎರಡೂ ಬೇಕು, ರೋಗಿಗೆ ಆಯ್ಕೆ ಬೇಕು.

ಕಿಟಕಿಗೆ ವಿಜ್ಞಾನದ ಬೆಂಬಲ ಬಂದದ್ದು ತಡವಾಗಿ. ಅಮೆರಿಕದ ರೋಜರ್ ಉಲ್ರಿಚ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ಮಂದಿಯ ಪೈಕಿ ಮರಗಳು ಕಾಣುವ ಕಿಟಕಿಯವರು, ಇಟ್ಟಿಗೆ ಗೋಡೆ ಕಾಣುವವರಿಗಿಂತ ಬೇಗ ಮನೆಗೆ ಹೋದರು. ಅವರಿಗೆ ಬಲವಾದ ನೋವಿನ ಔಷಧಿಯೂ ಕಡಿಮೆ ಸಾಕಾಯಿತು. ಅವರು ಗುಣಮುಖರಾಗುತ್ತಿದ್ದವರು, ಸಾಯುತ್ತಿದ್ದವರಲ್ಲ. ಹಾಗಾಗಿ ಆ ಲೆಕ್ಕವನ್ನು ಹಾಸ್ಪಿಸ್‌ಗೆ ನೇರವಾಗಿ ಅನ್ವಯಿಸುವಂತಿಲ್ಲ. ಆದರೆ ಮಲಗಿದವರ ಕಣ್ಣಿಗೆ ಏನು ಬೀಳುತ್ತದೆ ಎಂಬುದನ್ನು ಅದರ ನಂತರ ಯಾವ ವಿನ್ಯಾಸಕಾರರೂ ತಳ್ಳಿಹಾಕುವಂತಿರಲಿಲ್ಲ. ನಿಂತವರ ಎತ್ತರಕ್ಕೆ ಕಿಟಕಿ ಇಟ್ಟರೆ ಮಲಗಿದವರಿಗೆ ಬರಿ ಆಕಾಶದ ಚೂರು ಸಿಗುತ್ತದೆ. ಅಂಗಾತ ಮಲಗಿದವರಿಗೆ ಸೂರೇ ಇಡೀ ದಿನದ ನೋಟ; ಅಲ್ಲಿ ಕಣ್ಣು ಕುಕ್ಕುವ ದೀಪ ಇರಬಾರದು. ಹಾಸಿಗೆಯೇ ಹೊರಗೆ ಉರುಳುವಷ್ಟು ಬಾಗಿಲು ಅಗಲವಿರಬೇಕು, ಹೊಸ್ತಿಲು ಇರಬಾರದು.

ಬೆಂಗಳೂರಿನಲ್ಲಿ ಈ ವಿಚಾರಗಳಿಗೆ ರೂಪ ಸಿಕ್ಕಿದ್ದು ಮಾರತ್ತಹಳ್ಳಿ ಕಡೆಯ ಕರುಣಾಶ್ರಯದಲ್ಲಿ. 1994ರಲ್ಲಿ ಹುಟ್ಟಿದ ಬೆಂಗಳೂರು ಹಾಸ್ಪಿಸ್ ಟ್ರಸ್ಟ್ ಮೊದಲು ಮನೆಮನೆಗೆ ಹೋಗಿ ಕ್ಯಾನ್ಸರ್ ರೋಗಿಗಳ ಆರೈಕೆ ಮಾಡಿತು; 1999ರಲ್ಲಿ ಕಟ್ಟಡ ತೆರೆಯಿತು. ವಾಸ್ತುಶಿಲ್ಪಿ ಸಂಜಯ್ ಮೋಹೆ. ಎತ್ತರಕ್ಕೆ ಏರದೆ ನೆಲಕ್ಕೆ ಒರಗಿದ ಕಟ್ಟಡ, ಕಲ್ಲಿನ ಗೋಡೆ, ನಡುವೆ ನೀರಿನ ಕೊಳ, ಗಿಡಮರ. ತೊಟ್ಟಿಮನೆಯಂತೆ ಒಳಗಿದ್ದೂ ಹೊರಗಿರುವ ಭಾವ. ಇಂಗ್ಲೆಂಡಿನವರು ಚಳಿಗೆ ಗಾಜು ಹಾಕಿ ನೋಡಬೇಕಾದ ತೋಟಕ್ಕೆ ಇಲ್ಲಿ ಹಾಸಿಗೆಯನ್ನೇ ತಳ್ಳಿಕೊಂಡು ಹೋಗಬಹುದು. ಇಂಥ ಹವೆ ಇರುವ ಊರಿನಲ್ಲೇ ತೆರೆಯಲಾಗದ ಗಾಜು, ಹಗಲಲ್ಲೂ ಟ್ಯೂಬ್‌ಲೈಟ್ ಉರಿಯುವ ಕಾರಿಡಾರುಗಳ ಆಸ್ಪತ್ರೆಗಳು ಏಳುತ್ತಿರುವುದು, ಜಗಲಿಗಳು ನಕ್ಷೆಯಿಂದ ಅಳಿಸಿಹೋಗುತ್ತಿರುವುದು ನೋವಿನ ಸಂಗತಿ.

ಮನೆಯವರ ಪಾಲಿನ ಜಾಗವೂ ಅಷ್ಟೇ ಮುಖ್ಯ. ಬ್ರಿಟನ್ನಿನ ಮ್ಯಾಗೀಸ್ ಕೇಂದ್ರಗಳು ಹಾಸ್ಪಿಸ್‌ಗಳಲ್ಲ, ಕ್ಯಾನ್ಸರ್ ರೋಗಿಗಳಿಗೂ ಅವರ ಮನೆಯವರಿಗೂ ಆಸರೆಯಾಗುವ ತಾಣಗಳು. 1996ರಲ್ಲಿ ಎಡಿನ್‌ಬರಾದಲ್ಲಿ ಆರಂಭವಾದ ಇವು ಸ್ವಾಗತಕಟ್ಟೆಯ ಬದಲು ಅಡುಗೆಮನೆಯ ಮೇಜನ್ನು ನಡುವಿಗೆ ತಂದವು. ನಮ್ಮಲ್ಲಂತೂ ರೋಗಿಯ ಜೊತೆ ಒಬ್ಬರಾದರೂ ಉಳಿಯುವುದು ವಾಡಿಕೆ. ಅವರಿಗೆ ಮಲಗಲು ಚಾಪೆಯ ಜಾಗ, ಸ್ನಾನದ ಮನೆ, ಗಂಜಿ ಬಿಸಿಮಾಡುವ ಒಲೆ, ಯಾರ ಕಣ್ಣಿಗೂ ಬೀಳದೆ ಅತ್ತು ಬರುವ ಮೂಲೆ, ಇವೆಲ್ಲ ಮೊದಲ ನಕ್ಷೆಯಲ್ಲೇ ಇರಬೇಕು; ಆಮೇಲೆ ಸೇರಿಸಲು ಹೋದರೆ ಜಾಗ ಸಿಗುವುದು ಮೆಟ್ಟಿಲ ಕೆಳಗೆ ಮಾತ್ರ.